ಎರಡೂ ಎಡತೋಳು

ಭಾನುವಾರ, ಮಧ್ಯಾಹ್ನ
ತಾರೀಖು ಹನ್ನೆರಡು (ಅಮ್ಮನನ್ನು ಕೇಳಿ ಬರೆದದ್ದು, ಆದ್ದರಿಂದ ಸರಿಯಾಗಿದೆ)

ಪ್ರೀತಿಯ ಪುಟ್ಟಿ,

ಅರವತ್ತೊಂದು ತುಂಬಿದ ಅಜ್ಜಿಯನ್ನು ಇನ್ನೂ ಪುಟ್ಟಿ ಎಂದು ಕರೆಯಬೇಡ ಎಂದು ಹೋದ ಸಲ ನೀನು ಮುನಿಸಿಕೊಂಡಿದ್ದೆ. ನಿನಗೆ ಅರವತ್ತೊಂದಾದರೆ ನನಗೆ ಅರವತ್ತೆಂಟು, ಅಮ್ಮನಿಗೆ ತೊಂಬತ್ತೊಂದು. ಈ ಸಾಲಿನಲ್ಲಿ ನೀನು ಯಾವತ್ತಿದ್ದರೂ ಕೊನೆಯವಳೇ. ಸುಮ್ಮನೆ ಪುಟ್ಟಿಯಾಗಿರು.

ನಾವಿಬ್ಬರೂ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಸ್ವಲ್ಪ ತಿದ್ದಿ ಬರೆಯುತ್ತೇನೆ: ಒಬ್ಬರು ಪೂರ್ತಿ ಕ್ಷೇಮ, ಇನ್ನೊಬ್ಬರು ಮುಕ್ಕಾಲು ಕ್ಷೇಮ. ಯಾರು ಪೂರ್ತಿ, ಯಾರು ಮುಕ್ಕಾಲು ಎನ್ನುವುದರಲ್ಲಿ ನೀನು ತಪ್ಪು ತಿಳಿದುಕೊಂಡಿದ್ದೀಯ. ಅದನ್ನು ಸರಿಪಡಿಸುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ಎಳೆ ಒಂದು ಸಲ ಕೈತಪ್ಪಿದರೆ ನನಗೆ ಈಗ ಮತ್ತೆ ಹಿಡಿಯುವುದು ಕಷ್ಟ. ಕಾಗದದಲ್ಲಾದರೆ ಮೇಲಿನ ಸಾಲು ಓದಿಕೊಂಡು ಮುಂದಕ್ಕೆ ಹೋಗಬಹುದು.

ಮೊದಲು ಫ್ರಾಕಿನ ವಿಷಯ. ನಿನ್ನ ಮೊಮ್ಮಗಳಿಗೆ ಕಳಿಸಿದ ಹಳದಿ ಹೂವಿನ ಫ್ರಾಕಿಗೆ ಎರಡೂ ಎಡತೋಳೇ ಇತ್ತು, ಮಗು ಅದನ್ನು ಹಾಕಿಕೊಂಡರೆ ಒಂದು ಕಡೆಯಿಂದ ಯಾರೋ ಹಿಡಿದು ಎಳೆಯುತ್ತಿರುವಂತೆ ಕಾಣುತ್ತದೆ ಎಂದು ನೀನು ಫೋನು ಮಾಡಿದೆಯಲ್ಲ, ಆಗ ಫೋನು ಎತ್ತಿದವಳು ಅಮ್ಮ. ಉಸಿರು ತೆಗೆದುಕೊಳ್ಳುವುದಕ್ಕೂ ನಿಲ್ಲದೆ, "ಅಯ್ಯೋ, ಅದು ನಾನೇ ಹೊಲಿದಿದ್ದು ಕಣೇ, ಕಣ್ಣು ಸರಿಯಾಗಿ ಕಾಣಲ್ಲ ನೋಡು" ಅಂದುಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡುವಷ್ಟರಲ್ಲಿ ಫೋನು ಇಟ್ಟೂ ಆಗಿತ್ತು. ಅಮ್ಮ ಕತ್ತರಿ ಮುಟ್ಟಿ ಎಷ್ಟು ವರ್ಷವಾಯಿತು ನೀನೇ ಹೇಳು. ಆ ಫ್ರಾಕು ಕತ್ತರಿಸಿದ್ದೂ ನಾನೇ, ಹೊಲಿದದ್ದೂ ನಾನೇ, ಇಸ್ತ್ರಿ ಮಾಡಿ ಬೀಗಿದ್ದೂ ನಾನೇ.

ನೀನು ದರ್ಜಿ ಕೆಲಸ ಕಲಿಯಲಿಲ್ಲ, ಆದ್ದರಿಂದ ಹೇಳುತ್ತೇನೆ. ಬಟ್ಟೆಯನ್ನು ಮಡಚಿ ಕತ್ತರಿ ಹಾಕಿದರೆ ಒಂದೇ ಏಟಿಗೆ ಒಂದು ಎಡತೋಳು, ಒಂದು ಬಲತೋಳು ಬರುತ್ತದೆ. ಮಡಚದೆ, ಅದೇ ಮಗ್ಗುಲಲ್ಲಿ ಒಂದಾದ ಮೇಲೆ ಒಂದು ಕತ್ತರಿಸಿದರೆ ಎರಡೂ ಎಡವೇ. ಸಾದಾ ಬಟ್ಟೆಯಾದರೆ ಮಗುಚಿ ಹಾಕಿ ಪಾರಾಗಬಹುದು, ಹೂವಿನ ಬಟ್ಟೆಯಲ್ಲಿ ಆಗುವುದಿಲ್ಲ. ಕಲಿಯಲು ಬಂದ ಮೊದಲ ವಾರದಲ್ಲಿ ಎಲ್ಲರೂ ಮಾಡುವ ತಪ್ಪು ಇದು. ನಾನು ಮೊದಲ ವಾರದಲ್ಲೂ ಮಾಡಿರಲಿಲ್ಲ, ಆ ಜಂಬ ನನಗೆ ಮೊನ್ನೆಯವರೆಗೂ ಇತ್ತು.

ಅದಾದ ಮೇಲೆ ನಿನ್ನ ಕಾಗದ ಬಂತು. ಪೇಪರಿನ ತುಂಡು ಅಂಟಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕಳಿಸಿದ್ದೆ. ತೊಂಬತ್ತು ದಾಟಿದವರಲ್ಲಿ ಮೂವರಿಗೊಬ್ಬರಿಗೆ ಮರೆವಿನ ಕಾಯಿಲೆ, ಹೆಂಗಸರಲ್ಲಿ ಇನ್ನೂ ಹೆಚ್ಚು, ಅಮ್ಮನಿಗೆ ಶುರುವಾಗಿದೆ, ನೀನೊಬ್ಬಳೇ ಏಗುವುದಕ್ಕೆ ಆಗುವುದಿಲ್ಲ, ಕೆಳಗಿನ ಕೋಣೆ ಖಾಲಿ ಮಾಡಿಸಿದ್ದೇನೆ, ತಿಂಗಳ ಕೊನೆಗೆ ಕಾರು ತರುತ್ತೇನೆ, ಅಮ್ಮನನ್ನು ಕರೆದುಕೊಂಡು ಬರುತ್ತೇನೆ ಎಂದು ಬರೆದಿದ್ದೆ. ಓದಿ ನಮ್ಮ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಮ್ಮನೂ ಓದಿದಳು. ನಿನ್ನ ಅಕ್ಷರ ಮೊದಲಿಗಿಂತ ಸುಧಾರಿಸಿದೆ ಎಂದಳು.

ಅದೇ ವಾರ ನಮ್ಮ ಬೀದಿಗೆ ಲೆಕ್ಕದಮ್ಮ ಬಂದಳು. ಹೆಸರು ಹೇಳಿದ್ದಳು, ಆದರೆ ಬೀದಿಯಲ್ಲಿ ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ನಲವತ್ತೈದರ ಹೆಂಗಸು, ಮಂಡಿನೋವು, ಹೆಗಲಿಗೆ ದೊಡ್ಡ ಚೀಲ. ಯಾವ ವಯಸ್ಸಿನವರಲ್ಲಿ, ಗಂಡಸರಲ್ಲೋ ಹೆಂಗಸರಲ್ಲೋ, ಊರಿನ ಯಾವ ಭಾಗದಲ್ಲಿ ಮರೆವಿನ ಕಾಯಿಲೆ ಎಷ್ಟಿದೆ ಎಂದು ಮನೆಮನೆ ತಿರುಗಿ ಲೆಕ್ಕ ಹಾಕುವುದು ಅವಳ ಕೆಲಸ. ಚೀಲದ ಪಟ್ಟಿ ಕಿತ್ತುಹೋಗಿತ್ತು, ಹೊಲಿಸುವುದಕ್ಕೆ ಅಂಗಡಿಗೆ ಬಂದಳು. ನಾನು ಪಟ್ಟಿ ಹೊಲಿಯುವಷ್ಟು ಹೊತ್ತು ಅವಳು ತನ್ನ ಗೋಳು ಹೇಳಿಕೊಂಡಳು.

ಗೋಳು ಏನೆಂದರೆ, ಯಾರೂ ಬಾಗಿಲು ತೆಗೆಯುವುದಿಲ್ಲ. ತೆಗೆದವರೂ ಮುಖಕ್ಕೆ ಹೊಡೆದಂತೆ ಮುಚ್ಚುತ್ತಾರೆ. ಏನೆಂದು ಕೇಳುತ್ತೀರಿ ಎಂದು ನಾನು ಕೇಳಿದೆ. ಅವಳು ಗಂಟಲು ಸರಿಮಾಡಿಕೊಂಡು ಓದಿದಳು: "ತಮ್ಮ ಕುಟುಂಬದ ಹಿರಿಯ ಸದಸ್ಯರಲ್ಲಿ ಯಾರಿಗಾದರೂ ಚಿತ್ತವೈಕಲ್ಯ ಉಂಟೇ?" ಅಮ್ಮ ಮೂಲೆಯಿಂದ, "ಅಯ್ಯೋ, ಹಾಗೆ ಕೇಳಿದ್ರೆ ನಾನೂ ಬಾಗಿಲು ಹಾಕ್ಕೋತೀನಿ. ಹುಚ್ಚು ಅಂತ ಹೇಳಿ ಹಾಸ್ಪಿಟ್ಲಿಗೆ ಎಳ್ಕೊಂಡು ಹೋಗ್ತೀರ ಅಂದ್ಕೋತಾರೆ" ಅಂದಳು. ಲೆಕ್ಕದಮ್ಮ ನಕ್ಕಳು. ನಕ್ಕು, ಹಣೆ ಚಚ್ಚಿಕೊಂಡಳು. ಯಾಕೆ ಅಂದರೆ ಅವಳ ಆಫೀಸಿನಲ್ಲಿ ಆಗಲೇ ದೊಡ್ಡ ರಾದ್ಧಾಂತ ಆಗಿತ್ತಂತೆ.

ನಮ್ಮ ಹೊಳೆಯ ಸೇತುವೆಯ ಆಚೆ ಬದಿಗೆ ಹೋದವನು ಅವಳ ಸಹೋದ್ಯೋಗಿ, ದಪ್ಪ ಮೀಸೆಯವನು, ಮಾತುಗಾರ. ಅವನಿಗೆ ಆ ಉದ್ದದ ಪದ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ಅವನು ಸಲೀಸಾಗಿ, "ಮನೇಲಿ ಯಾರಿಗಾದ್ರೂ ಅರಳುಮರಳು ಇದ್ಯಾ?" ಎಂದು ಕೇಳಿಕೊಂಡು ಹೋದನಂತೆ. ಜನ ಕುರ್ಚಿ ಹಾಕಿ ಕೂರಿಸಿದರು. ಅತ್ತೆಗೆ ಅರಳುಮರಳು, ಮಾವನಿಗೆ ಅರಳುಮರಳು, ನಮ್ಮ ಯಜಮಾನರಿಗೆ ಮದುವೆಯ ದಿನದಿಂದಲೂ ಅರಳುಮರಳು ಎಂದು ಮನೆಮಂದಿಯೆಲ್ಲ ಸೇರಿ ಬರೆಸಿದರು. ಸೇತುವೆಯ ಆಚೆ ಮನೆಗಿಬ್ಬರು, ಈಚೆ ಬೀದಿಗೊಬ್ಬರೂ ಇಲ್ಲ. ದೊಡ್ಡ ಆಫೀಸಿನವರು ನಕಾಶೆಯಲ್ಲಿ ಆಚೆ ಬದಿಗೆ ಕೆಂಪು ಬಣ್ಣ, ಈಚೆ ಬದಿಗೆ ಹಸಿರು ಬಣ್ಣ ಬಳಿದು, ಇದು ನೀರಿನ ದೋಷವೇ ಇರಬೇಕು ಎಂದು ಬಾಟಲಿ ಕೊಟ್ಟು ಹೊಳೆಯ ನೀರು ತರಲು ಇಬ್ಬರನ್ನು ಕಳಿಸಿಯೂ ಆಗಿತ್ತು! ಪಾಪ, ನೀರು ಏನು ತಪ್ಪು ಮಾಡಿತ್ತು. ತಪ್ಪೆಲ್ಲ ಒಂದು ಪದದ್ದು.

ನಾನು ಅವಳ ಜೊತೆ ಹೊರಟೆ. ಅಂಗಡಿಗೆ ಅಮ್ಮನನ್ನು ಕಾವಲು ಕೂರಿಸಿದೆ. ಬೀದಿಯ ಎಲ್ಲರ ಭುಜ, ಎದೆ, ಸೊಂಟದ ಅಳತೆ ತೆಗೆದವಳಿಗೆ ಯಾರು ಬಾಗಿಲು ಹಾಕುತ್ತಾರೆ? ಲೆಕ್ಕದಮ್ಮ ಪದ ಬದಲಿಸಿದಳು. ಅರಳುಮರಳು ಎಂದು ಶುರು ಮಾಡಿ, ಆಮೇಲೆ ನಿಧಾನವಾಗಿ ಪ್ರಶ್ನೆ ಕೇಳಿ, ತಮಾಷೆಯ ಮರೆವು ಯಾವುದು, ಕಾಯಿಲೆಯ ಮರೆವು ಯಾವುದು ಎಂದು ಬೇರೆ ಮಾಡುತ್ತಿದ್ದಳು. ಮೀಸೆಯವನನ್ನೂ ಮತ್ತೆ ಅಷ್ಟೂ ಮನೆಗೆ ಓಡಿಸಿದರಂತೆ. ಕೊನೆಗೆ ಎರಡೂ ಬದಿಯ ಬಣ್ಣ ಹತ್ತಿರ ಹತ್ತಿರ ಬಂತು. ಪೂರ್ತಿ ಒಂದಾಗಲಿಲ್ಲ. ಆಚೆ ಬದಿಯಲ್ಲಿ ವಯಸ್ಸಾದವರು ಜಾಸ್ತಿ, ಶಾಲೆಯ ಮುಖ ಕಂಡವರು ಕಮ್ಮಿ, ಕಿವಿ ಕೇಳದವರಿಗೆ, ರಕ್ತದೊತ್ತಡ ಇದ್ದವರಿಗೆ ಔಷಧ ಕೊಡುವವರೂ ಕಮ್ಮಿ. ಅದಕ್ಕೇ ಅಲ್ಲಿ ಸ್ವಲ್ಪ ಹೆಚ್ಚೇ ಎಂದು ಹೇಳಿದಳು.

ಎದುರುಮನೆಯ ಗಾರ್ಡು ನಿನಗೆ ನೆನಪಿದ್ದಾರಲ್ಲ, ರೈಲಿನಲ್ಲಿ ಹಸಿರು ಬಾವುಟ ತೋರಿಸಿ ರಿಟೈರ್ ಆದವರು. ಅವರನ್ನು ಲೆಕ್ಕದಮ್ಮ ಇವತ್ತು ಯಾವ ವಾರ ಎಂದು ಕೇಳಿದಳು. ಗಾರ್ಡಿನ ಹೆಂಡತಿ ಒಳಗಿನಿಂದ, "ಸೋಮವಾರ ಅಲ್ವೇನ್ರೀ" ಅಂದರು. "ಹೌದು, ಸೋಮವಾರ" ಅಂದರು ಗಾರ್ಡು. ಈ ತಿಂಗಳು? ಹೆಂಡತಿ ತುಟಿ ಆಡಿಸಿದರು, ಗಾರ್ಡು ಹೇಳಿದರು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರೆ ಆಕೆಯೇ ನೆನಪಿಟ್ಟುಕೊಂಡು, ಸೆರಗಿನ ಮರೆಯಲ್ಲಿ ಪಿಸುಗುಟ್ಟಿದರು. ಗಾರ್ಡು ಪೂರ್ತಿ ಅಂಕ ತೆಗೆದು ಮೀಸೆ ನೇವರಿಸಿಕೊಂಡರು. ಆಮೇಲೆ ಹೆಂಡತಿಯ ಸರದಿ. ಒಲೆಯ ಮೇಲೆ ಹಾಲು ಇತ್ತು, ಮನಸ್ಸೆಲ್ಲ ಅಲ್ಲೇ, ತಾರೀಖು ತಪ್ಪು ಹೇಳಿದರು. ಗಂಡ ಪಾಸು, ಹೆಂಡತಿ ನಪಾಸು!

ಲೆಕ್ಕದಮ್ಮ ಆ ಮನೆಯ ಮೆಟ್ಟಿಲಿಳಿದು ಬೀದಿಯಲ್ಲೇ ನಿಂತುಬಿಟ್ಟಳು. ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚು ಎನ್ನುವುದು ನಿಜ, ಹೆಚ್ಚು ವರ್ಷ ಬದುಕುತ್ತಾರೆ ಎನ್ನುವುದು ಅದಕ್ಕೆ ದೊಡ್ಡ ಕಾರಣ. ಆದರೆ ಗಂಡಸರ ಲೆಕ್ಕದಲ್ಲಿ ಎಷ್ಟು ಜನರ ಉತ್ತರವನ್ನು ಹೆಂಡತಿಯರು ಬರೆಸಿದ್ದಾರೋ ಎಂದು ಅವಳಿಗೆ ಯೋಚನೆ ಹತ್ತಿತು. ಮಾರನೆಯ ದಿನ ಮತ್ತೆ ಹೋಗಿ, ಹೆಂಡತಿಯನ್ನು ನನ್ನ ಅಂಗಡಿಗೆ ಕಳಿಸಿ, ಗಾರ್ಡನ್ನು ಒಬ್ಬರನ್ನೇ ಕೂರಿಸಿ ಕೇಳಿದಳಂತೆ. ಮೊದಲ ಪ್ರಶ್ನೆಗೇ ಅವರು ಅತ್ತಿತ್ತ ನೋಡಿ, "ಅವಳನ್ನ ಕೇಳ್ಬೇಕಮ್ಮ, ನನ್ನದೆಲ್ಲಾ ಅವಳ ಹತ್ರ ಇರುತ್ತೆ" ಅಂದರಂತೆ. ಅವರೂ ಲೆಕ್ಕಕ್ಕೆ ಸೇರಿದರು. ಆಕೆಗೆ ಹೇಳಿದಾಗ ಆಕೆ ಅಳಲಿಲ್ಲ, ನನಗೆ ಎರಡು ವರ್ಷದಿಂದ ಗೊತ್ತು, ನೀವು ಇವತ್ತು ಬಂದಿರಿ ಅಷ್ಟೇ ಎಂದರು.

ಕೊನೆಗೆ ಉಳಿದದ್ದು ನಮ್ಮ ಮನೆ. ನಾನೇ ತಳ್ಳುತ್ತಾ ಬಂದಿದ್ದೆ. ನಿನ್ನ ಕೆಂಪು ಗೆರೆ ನನ್ನ ತಲೆಯಲ್ಲಿ ಕೂತಿತ್ತು. ಅಮ್ಮನ ಬಾಯಿಂದ ಒಂದು ಉತ್ತರ ತಪ್ಪಾಗಿ ಬಂದರೂ ಅದನ್ನು ನಿನಗೆ ಹೇಳಬೇಕಾಗುತ್ತದೆ, ಹೇಳಿದರೆ ನೀನು ಕಾರು ತರುತ್ತೀಯ ಎಂಬ ಹೆದರಿಕೆ.

ಲೆಕ್ಕದಮ್ಮ ಮೊದಲು ಅಮ್ಮನಿಗೆ ವಿವರಿಸಿದಳು. ಅರವತ್ತೈದು ದಾಟಿದ ಮೇಲೆ ಐದೈದು ವರ್ಷಕ್ಕೆ ಈ ಕಾಯಿಲೆಯವರು ಹೆಚ್ಚುಕಮ್ಮಿ ಎರಡರಷ್ಟಾಗುತ್ತಾ ಹೋಗುತ್ತಾರಂತೆ, ತೊಂಬತ್ತರ ಆಚೆಗೆ ಮೂವರಿಗೊಬ್ಬರಂತೆ. ಅಮ್ಮ ಕೋಣೆಯನ್ನು ಒಮ್ಮೆ ನೋಡಿ, "ಇಲ್ಲಿ ಮೂವರು ಇದ್ದೀವಿ. ಹಾಗಾದ್ರೆ ಯಾರು?" ಅಂದಳು. ಲೆಕ್ಕದಮ್ಮನಿಗೆ ನಗು ತಡೆಯಲಾಗಲಿಲ್ಲ. ಹೆಂಗಸರಿಗೇ ಯಾಕೆ ಹೆಚ್ಚು ಅಂತ ಅಮ್ಮನೇ ಕೇಳಿ, ಉತ್ತರವನ್ನೂ ತಾನೇ ಕೊಟ್ಟಳು: "ಗಂಡಸರು ಮರೆಯೋಕೆ ಮುಂಚೇನೇ ಹೊರಟುಹೋಗ್ತಾರೆ, ಇವರಪ್ಪನ ಹಾಗೆ. ಛತ್ರಿ ಮಾತ್ರ ಮರೆತು ಹೋದ್ರು."

ಪರೀಕ್ಷೆ ಶುರುವಾಯಿತು. ತಾರೀಖು ಕೇಳಿದರೆ, ನಿಮ್ಮ ಕೈಯಲ್ಲೇ ಗಡಿಯಾರ ಇದೆಯಲ್ಲ, ಅದು ತೋರಿಸುವುದಿಲ್ಲವೇ ಎಂದು ಕೇಳಿ ಆಮೇಲೆ ಸರಿಯಾಗಿ ಹೇಳಿದಳು. ದೇಶ ಆಳುವವರು ಯಾರು ಅಂದರೆ, "ನಾನು ಓಟು ಹಾಕಿದೋರು ಅಲ್ಲ" ಅಂದಳು. ಲೆಕ್ಕದಮ್ಮ ಅದಕ್ಕೂ ಅಂಕ ಕೊಟ್ಟಳು, ಯಾಕೆಂದರೆ ಹೆಸರೂ ಬಂತು, ಜೊತೆಗೆ ಎರಡು ಬೈಗುಳವೂ ಬಂತು. ನೂರರಿಂದ ಏಳೇಳು ಕಳೆಯಿರಿ ಅಂದರೆ, ಟೇಪನ್ನು ಕಣ್ಣೆದುರು ಹಿಡಿದವಳ ಹಾಗೆ ಇಳಿಸಿಕೊಂಡು ಹೋದಳು, ಸಾಕು ಅಂದರೂ ನಿಲ್ಲಿಸಲಿಲ್ಲ. ಕುರ್ಚಿ, ಸೇಬು, ರೈಲು ಎಂಬ ಮೂರು ಪದ ಕೊಟ್ಟಿದ್ದಳು. ಕೊನೆಯಲ್ಲಿ ಕೇಳಿದಾಗ ಮೂರನ್ನೂ ಹೇಳಿ, ಸೇಬು ಮನೇಲಿ ಖಾಲಿಯಾಗಿದೆ ಎಂದು ನನಗೆ ಜ್ಞಾಪಿಸಿದಳು. ನನಗಾದ ಖುಷಿ ಹೇಳತೀರದು. ನಿನ್ನ ಕಾರು ಅಲ್ಲೇ ಪಂಕ್ಚರ್ ಆಯಿತು ಅಂದುಕೊಂಡೆ.

ಆಗ ಅಮ್ಮ, "ಇವಳಿಗೂ ಅರವತ್ತೈದು ದಾಟಿದೆ, ಇವಳನ್ನೂ ಕೇಳಿ" ಅಂದಳು. ನಾನು ನಕ್ಕೆ. ಅಮ್ಮ ನಗಲಿಲ್ಲ.

ನಾನು ಕೂತೆ. ವಾರ ಹೇಳಿದೆ. ತಿಂಗಳು ಹೇಳಿದೆ, ಆಮೇಲೆ ಅದು ಹೋದ ತಿಂಗಳು ಎಂದು ಗೊತ್ತಾಯಿತು. ನೂರರಿಂದ ಒಂದು ಸಲ ಇಳಿದೆ, ಎರಡನೆಯ ಮೆಟ್ಟಿಲು ಕಾಣಲಿಲ್ಲ. ಗಡಿಯಾರದ ಚಿತ್ರ ಬರೆದೆ, ಅಂಕಿಗಳೆಲ್ಲ ಒಂದೇ ಕಡೆ ಗುಂಪುಗೂಡಿದವು, ಇನ್ನೊಂದು ಕಡೆ ಖಾಲಿ. ಆಮೇಲೆ, ಪುಟ್ಟಿ, ಲೆಕ್ಕದಮ್ಮ ಆ ಮೂರು ಪದ ಕೇಳಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಅಮ್ಮ ನನ್ನ ಎದುರಿಗೇ ಹೇಳಿದ್ದ ಅದೇ ಪದಗಳು. ಒಂದೂ ಇರಲಿಲ್ಲ. ಎಲ್ಲಿ ಹುಡುಕಬೇಕು ಎಂದೂ ತಿಳಿಯಲಿಲ್ಲ. (ಆ ಮೂರನ್ನೂ ಈಗ ಮೇಲೆ ಬರೆದದ್ದು ಅಮ್ಮನನ್ನು ಕೇಳಿಯೇ.) ಲೆಕ್ಕದಮ್ಮ ಪೆನ್ನು ಮುಚ್ಚಿ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. ತಾನು ಡಾಕ್ಟರಲ್ಲ, ಲೆಕ್ಕ ಮಾತ್ರ ಹಾಕುವವಳು, ಆದರೆ ಡಾಕ್ಟರಿಗೆ ತೋರಿಸಬೇಕು ಎಂದಳು.

ಅಮ್ಮನಿಗೆ ಗೊತ್ತಿತ್ತು. ಫ್ರಾಕಿಗಿಂತ ಮುಂಚೆಯೇ ಗೊತ್ತಿತ್ತು. ಅದಕ್ಕೇ ಫೋನಿನಲ್ಲಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದು. ಹಾಗೆ ಮಾಡಿದರೆ ನೀನು ಅವಳನ್ನೇ ಎತ್ತಿಕೊಂಡು ಹೋಗಲು ಬರುತ್ತೀಯ ಎಂದು ಅವಳು ಊಹಿಸಿರಲಿಲ್ಲ, ಜಾಣತನ ತಿರುಗಿ ಅವಳ ಕೊರಳಿಗೇ ಸುತ್ತಿಕೊಂಡಿತು.

ಡಾಕ್ಟರು ನೋಡಿದರು. ಕೂದಲು ಕತ್ತರಿಸಿಕೊಂಡ, ಬೇಗ ಬೇಗ ನಡೆಯುವ ಹೆಂಗಸು. ತಲೆಯ ಫೋಟೋ ತೆಗೆಸಿದರು, ರಕ್ತ ತೆಗೆಸಿದರು, ಇನ್ನೊಂದಷ್ಟು ಪ್ರಶ್ನೆ ಕೇಳಿದರು. ಅದೇ ಕಾಯಿಲೆ, ಈಗ ಶುರು, ನಿಧಾನವಾಗಿ ಹೋಗಬಹುದು, ಎಷ್ಟು ನಿಧಾನ ಎಂದು ಯಾರೂ ಹೇಳಲಾರರು ಅಂದರು. ನಮ್ಮ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಬರುತ್ತದೆ ಎಂದು ಕೇಳಿದೆ. ನೂರಕ್ಕೆ ಇಬ್ಬರೋ ಮೂವರೋ ಅಂದರು. ಜೀವಮಾನದಲ್ಲಿ ಒಂದು ಲಾಟರಿಯೂ ಹೊಡೆಯದವಳಿಗೆ ಇದು ಹೊಡೆಯಿತಲ್ಲ ಪುಟ್ಟಿ! ಅಮ್ಮನ ಪಾಲಿನ ಚೀಟಿ ತಪ್ಪಿ ನನ್ನ ಕೈಗೆ ಬಂತೇನೋ ಅಂದೆ. ಡಾಕ್ಟರು ನಗಬೇಕೋ ಬೇಡವೋ ಎಂದು ಅಮ್ಮನ ಮುಖ ನೋಡಿದರು. ಅಮ್ಮನನ್ನು ಕಂಡು ಅವರಿಗೂ ಬಹಳ ಖುಷಿ. ಅಮ್ಮನ ಎದೆಗೂ ಆ ಕೊಳವೆ ಇಟ್ಟು ನೋಡಿದರು. ಎಲ್ಲಾ ಚೆನ್ನಾಗಿದೆ. ಅವಳು ನೂರು ದಾಟುತ್ತಾಳೆ, ಬರೆದಿಟ್ಟುಕೋ.

ಈಗ ನಮ್ಮ ಅಂಗಡಿ ಹೇಗೆ ನಡೆಯುತ್ತದೆ ಹೇಳುತ್ತೇನೆ, ಕೇಳು. ಮೊದಲೆಲ್ಲ ನಾನು ಅಳತೆ ತೆಗೆದು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ, ನಿನಗೆ ಗೊತ್ತು. ಈಗ ನಾನು ಟೇಪು ಹಿಡಿದು ಜೋರಾಗಿ ಹೇಳುತ್ತೇನೆ, ಭುಜ ಹದಿನಾಲ್ಕೂವರೆ, ತೋಳು ಹತ್ತು. ಅಮ್ಮ ಸ್ಟೂಲಿನ ಮೇಲೆ ಕೂತು ಇನ್ನೂ ಜೋರಾಗಿ ತಿರುಗಿ ಹೇಳುತ್ತಾಳೆ. ಅಷ್ಟಾದರೆ ಅದು ಅವಳ ತಲೆಯಲ್ಲಿ ಕೂತಂತೆ. ಕತ್ತರಿಸುವಾಗ ಅವಳು ಒಂದೊಂದೇ ಬಿಡುಗಡೆ ಮಾಡುತ್ತಾಳೆ. ಕತ್ತರಿ ಹಾಕುವ ಮುಂಚೆ ನಾನು ಬಟ್ಟೆ ಎತ್ತಿ ತೋರಿಸಬೇಕು, ಅವಳು, "ಮಡಚಿದ್ಯಾ?" ಎಂದು ಕೇಳುತ್ತಾಳೆ, ನಾನು, "ಮಡಚಿದೀನಿ" ಅನ್ನುತ್ತೇನೆ. ಗಿರಾಕಿಗಳಿಗೆ ಇದೊಂದು ನಾಟಕ. ಸೊಂಟದ ಅಳತೆಯನ್ನು ಮಾತ್ರ ಮೆಲ್ಲಗೆ ಹೇಳಿ ಎಂದು ಬ್ಯಾಂಕಿನ ಕ್ಯಾಷಿಯರಮ್ಮ ಬೇಡಿಕೊಂಡಳು. ಅಮ್ಮನಿಗೆ ಮೆಲ್ಲಗೆ ಹೇಳಿದರೆ ಕೇಳುವುದಿಲ್ಲವಲ್ಲ, ಬೀದಿಗೆಲ್ಲ ಗೊತ್ತಾಯಿತು.

ನನ್ನ ಕೈ ಏನೂ ಮರೆತಿಲ್ಲ. ಹೊಲಿಗೆ ನೆಟ್ಟಗೆ ಹೋಗುತ್ತದೆ, ಕಾಜಾ ಮೊದಲಿನಂತೆಯೇ ಬರುತ್ತದೆ. ಕೈಯಿಂದ ತಲೆಗೆ ಹೋಗುವ ದಾರಿಯಲ್ಲಿ ಅಷ್ಟಷ್ಟು ಉದುರುತ್ತದೆ. ಬೀಳುವುದನ್ನು ಹೆಕ್ಕಿಕೊಳ್ಳಲು ಅಮ್ಮ ಇದ್ದಾಳೆ. ಅಮ್ಮನಿಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ನನಗೆ ಆಗುತ್ತದೆ. ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ನಾನು ಹತ್ತುತ್ತೇನೆ, ಯಾಕೆ ಹತ್ತಿದೆ ಎಂದು ಅವಳು ಕೆಳಗಿನಿಂದ ಕೂಗಿ ಹೇಳುತ್ತಾಳೆ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ದರ್ಜಿ.

ಅವಳು ಚುರುಕಾಗಿದ್ದಾಳೆ ಗೊತ್ತಾ? ತೊಂಬತ್ತೊಂದರಲ್ಲಿ ಮತ್ತೆ ಮಗು ಸಾಕುವ ಕೆಲಸ ಸಿಕ್ಕಿದೆಯಲ್ಲ. ಬೆಳಗ್ಗೆ ನನ್ನ ಬಟ್ಟೆ ತೆಗೆದಿಟ್ಟಿರುತ್ತಾಳೆ. ತಲೆ ಬಾಚಿದೆಯಾ ಎಂದು ನೋಡುತ್ತಾಳೆ. ನೀನು ಹುಟ್ಟಿದ ಮೇಲೆ ನನ್ನನ್ನು ಇಷ್ಟು ಮುದ್ದು ಮಾಡಿದ್ದು ಇದೇ ಮೊದಲು, ಹೊಟ್ಟೆಕಿಚ್ಚು ಪಡು.

ಹಾಗೆಂದು ಭಯವಿಲ್ಲ ಎಂದುಕೊಳ್ಳಬೇಡ. ಇದೆ. ಕೆಲವು ದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಕೋಣೆ ಯಾರದೋ ಅನ್ನಿಸುತ್ತದೆ. ಕಪಾಟು ಯಾವುದು, ಕಿಟಕಿ ಯಾಕೆ ಆ ಕಡೆ ಇದೆ, ಏನೂ ತಿಳಿಯುವುದಿಲ್ಲ. ಆಗ ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮುತ್ತಾಳೆ. ಇತ್ತೀಚೆಗೆ ಅವಳ ಕೆಮ್ಮು ಜಾಸ್ತಿ. ಆ ಸದ್ದು ಕೇಳಿದರೆ ಸಾಕು, ಕಪಾಟು, ಕಿಟಕಿ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ, ನಾನು ಯಾರು ಎನ್ನುವುದೂ ಬರುತ್ತದೆ. ಆ ಕೆಮ್ಮನ್ನು ನೀನು ಕಾರಿನಲ್ಲಿ ಕೂರಿಸಿಕೊಂಡು ಹೋದರೆ ನನ್ನ ಗತಿ ಏನು ಹೇಳು?

ನಿನ್ನ ಮೇಲೆ ಕೋಪವಿಲ್ಲ. ನೀನು ಅಮ್ಮನಿಗಾಗಿ ಕೋಣೆ ಖಾಲಿ ಮಾಡಿದ್ದು ಓದಿ ನನಗೆ ಅಳು ಬಂತು. ಸಂತೋಷಕ್ಕೂ ಬಂತು, ಹೊಟ್ಟೆ ಉರಿದೂ ಬಂತು. ಈಗ ಇದೆಲ್ಲ ಓದಿದ ಮೇಲೆ ನೀನು, ಹಾಗಾದರೆ ಇಬ್ಬರೂ ಬನ್ನಿ ಎನ್ನುತ್ತೀಯ. ಬೇಡ. ಈ ಮನೆಯಲ್ಲಿ ಕತ್ತಲಲ್ಲೂ ನನ್ನ ಕೈಗೆ ದೀಪದ ಗುಂಡಿ ಸಿಗುತ್ತದೆ, ಬೀದಿಯವರಿಗೆ ನಾನು ಗೊತ್ತು. ದಾರಿ ತಪ್ಪಿದರೆ ಗಾರ್ಡಿನ ಹೆಂಡತಿ ಕೈ ಹಿಡಿದು ತಂದು ಬಿಡುತ್ತಾರೆ, ಆಕೆಗೆ ಅಭ್ಯಾಸವಾಗಿದೆ. ನಿನ್ನ ಮನೆಯಲ್ಲಿ ಎಲ್ಲವೂ ಹೊಸದು, ಹೊಸದನ್ನು ನಾನು ಇನ್ನು ಕಲಿಯಲಾರೆ. ತಿಂಗಳ ಕೊನೆಗೆ ಕಾರು ತರಬೇಡ. ನಮ್ಮಿಬ್ಬರನ್ನು ಬಿಡಿಸಬೇಡ. ಇದೊಂದೇ ನಾನು ಕೇಳುವುದು. ಬೇಕಾದರೆ ಇನ್ನೊಂದು ಸಲ ಕೇಳುತ್ತೇನೆ, ಒಂದೇ ಮಾತನ್ನು ಎರಡು ಸಲ ಹೇಳುವ ಹಕ್ಕು ನನಗೆ ಈಗ ಡಾಕ್ಟರೇ ಕೊಟ್ಟಿದ್ದಾರೆ.

ಲೆಕ್ಕದಮ್ಮ ನಿನ್ನೆ ಹೊರಟಳು. ಅವಳ ಹಾಳೆಯಲ್ಲಿ ನಾನು ಎಲ್ಲಿ ಕೂತಿದ್ದೇನೆ ಎಂದು ಕೇಳಿದೆ. ಹೆಂಗಸು, ಅರವತ್ತೈದರಿಂದ ಎಪ್ಪತ್ತು, ಸೇತುವೆಯ ಈಚೆ ಬದಿ. ಆ ಖಾನೆಯಲ್ಲಿ ಬಹಳ ಜನ ಇಲ್ಲವಂತೆ. ನನಗೆ ಒಂಟಿ ಅನ್ನಿಸಬಾರದು ಎಂದು ಚೀಲದ ಪಟ್ಟಿಯನ್ನು ಸುಮ್ಮನೆ ಇನ್ನೊಂದು ಸಲ ಹೊಲಿಸಿಕೊಂಡು, ಅಷ್ಟು ಹೊತ್ತು ಜೊತೆಗೆ ಕೂತಿದ್ದು ಹೋದಳು. ಒಳ್ಳೆಯ ಹೆಂಗಸು.

ಹೊಸ ಫ್ರಾಕು ಈ ಕಾಗದದ ಹಿಂದೆಯೇ ಬರುತ್ತದೆ. ಮಗುವಿಗೆ ನನ್ನ ಮುತ್ತು. ನಿನ್ನ ಯಜಮಾನರಿಗೆ ಎಲ್ಲವನ್ನೂ ಓದಿ ಹೇಳು, ಆದರೆ ಅವರನ್ನು ಯಾವ ವಾರ ಎಂದು ಕೇಳುವಾಗ ನೀನು ತುಟಿ ಆಡಿಸಬೇಡ.

ಇಂತಿ ನಿನ್ನನ್ನು ಎತ್ತಿ ಆಡಿಸಿದ,
ಈಗಲೂ ಎತ್ತಬಲ್ಲೆ ಎಂದುಕೊಂಡಿರುವ
ಅಕ್ಕ

ತಾ. ಕ.: ನಾನು ಅಮ್ಮ. ಅವಳು ಅಂಟು ತರಲು ಮೇಲೆ ಹೋಗಿದ್ದಾಳೆ. ಯಾಕೆ ಹೋದೆ ಎಂದು ನಾನು ಕೂಗಿ ಹೇಳುವವರೆಗೆ ಅಲ್ಲೇ ಇರುತ್ತಾಳೆ. ಅದಕ್ಕೆ ಕೂಗದೆ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಯಿತು ಎಂದು ನಗಬೇಡ.

ಅವಳು ಬರೆದದ್ದೆಲ್ಲ ನಿಜ. ಒಂದು ಬಿಟ್ಟು. ಡಾಕ್ಟರು ನನ್ನ ಎದೆ ನೋಡಿ ಖುಷಿಪಡಲಿಲ್ಲ. ತಲೆ ಗಟ್ಟಿ ಇದೆ, ಹೃದಯ ಸೋತಿದೆ, ಹೆಚ್ಚು ದಿನ ಇಲ್ಲ ಅಂದರು. ಆ ಕೆಮ್ಮು ಅದರದ್ದೇ. ಅವಳಿಗೂ ಅಲ್ಲೇ ಹೇಳಿದರು. ಮನೆಗೆ ಬಂದು ಸಂಜೆಯವರೆಗೂ ನನ್ನ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಬೆಳಗ್ಗೆ ಎದ್ದವಳಿಗೆ ಅದು ನೆನಪೇ ಇರಲಿಲ್ಲ. ನಗುತ್ತಾ ಚಹಾ ತಂದುಕೊಟ್ಟಳು. ನಾನು ಎರಡನೇ ಸಲ ಹೇಳಲಿಲ್ಲ. ನೀನೂ ಹೇಳಬೇಡ. ಒಂದು ಸಾವಿಗೆ ಒಬ್ಬಳು ಎಷ್ಟು ಸಲ ಅಳಬೇಕು?

ಪುಟ್ಟಿ, ಕಾರು ತಗೊಂಡೇ ಬಾ. ತಿಂಗಳ ಕೊನೆಯವರೆಗೆ ಕಾಯಬೇಡ. ನನ್ನನ್ನು ಕರೆದುಕೊಂಡು ಹೋಗುವುದಕ್ಕಲ್ಲ, ಇಲ್ಲಿ ಇರುವುದಕ್ಕೆ. ಅವಳನ್ನು ನಾನು ಈಗ ಪೂರ್ತಿ ಕಲಿತಿದ್ದೇನೆ, ಅದನ್ನು ನಿನಗೆ ಕಲಿಸಿಕೊಡಬೇಕು. ನೆನಪಿದೆಯಾ ಎಂದು ಅವಳನ್ನು ಕೇಳಬಾರದು, ಸುಮ್ಮನೆ ಹೇಳಿಬಿಡಬೇಕು. ಉಪ್ಪು ಎರಡು ಸಲ ಹಾಕಿದರೆ ಮಾತಾಡದೆ ನೀರು ಹಾಕಬೇಕು. ಸಂಜೆ ದೀಪ ಬೇಗ ಹಾಕಬೇಕು. ಬೆಳಗ್ಗೆ ಅವಳು ಏಳುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಯಾರಾದರೂ ಸದ್ದು ಮಾಡಬೇಕು. ಹೀಗೆ ತುಂಬಾ ಇದೆ, ಬರೆದರೆ ಮುಗಿಯುವುದಿಲ್ಲ, ಪಕ್ಕದಲ್ಲಿ ಕೂತು ನೋಡಬೇಕು. ಹೊಲಿಗೆ ನಿನಗೆ ಹತ್ತಲಿಲ್ಲ, ಇದು ಹತ್ತುತ್ತದೆ.

ಅವಳು ಕವರಿನ ಮೇಲೆ ನಮ್ಮ ಹಳೇ ಮನೆಯ ವಿಳಾಸ ಬರೆದಿದ್ದಳು. ಬೇರೆ ಕವರಿಗೆ ಹಾಕುತ್ತೇನೆ.

ನೀನು ಬಂದ ಕೂಡಲೇ, ಹೇಳದೆ ಕೇಳದೆ ಯಾಕೆ ಬಂದೆ ಎಂದು ಕೇಳುತ್ತಾಳೆ. ಸುಮ್ಮನೆ ಬಂದೆ ಅನ್ನು. ಮತ್ತೆ ಕೇಳುತ್ತಾಳೆ. ಎಷ್ಟು ಸಲ ಕೇಳಿದರೂ ಮೊದಲ ಸಲ ಕೇಳಿದ ಹಾಗೆ ನಕ್ಕು, ಸುಮ್ಮನೆ ಬಂದೆ ಅಕ್ಕ ಅನ್ನು.